ತಡವಾಗಿ ತಿಳಿದ ಅರ್ಬುದ: ಕಾನೂನು ಏನನ್ನು ಕೇಳುತ್ತದೆ?

ಬುಕ್ಕಾಪಟ್ಟಣ ಹೋಬಳಿಯ ಹಳ್ಳಿಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬಂದ ಕುಟುಂಬಗಳನ್ನು ಮಾತನಾಡಿಸಿದಾಗ ನಮ್ಮ ಕಿವಿಗೆ ಬೀಳುವ ಮಾತು ಬಹುತೇಕ ಒಂದೇ. "ಇನ್ನೊಂದಾರು ತಿಂಗಳು ಮುಂಚೆ ಕರೆತಂದಿದ್ದರೆ ಚೆನ್ನಾಗಿತ್ತು ಅಂದರು." ಆ ಆರು ತಿಂಗಳು ಎಲ್ಲಿ ಕಳೆದವೆಂಬುದು ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ರೋಗಿ ಸುಮ್ಮನೆ ಮನೆಯಲ್ಲಿ ಕುಳಿತಿರಲಿಲ್ಲ. ಊರಿನ ಡಾಕ್ಟರಲ್ಲಿಗೆ ಮೂರು ಬಾರಿ, ಶಿರಾಕ್ಕೆ ಎರಡು ಬಾರಿ ಹೋಗಿದ್ದರು. ಪ್ರತಿ ಸಲವೂ ಮಾತ್ರೆ ಬರೆದುಕೊಟ್ಟರು, ರೋಗದ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ. ಇಂಥ ಸಂದರ್ಭದಲ್ಲಿ ದುಃಖದೊಡನೆ ಕೋಪವೂ ಹುಟ್ಟುವುದು ಸಹಜ. ಕೋಪದ ಬೆನ್ನಿಗೇ ಬರುವ ಪ್ರಶ್ನೆ: ತಡ ಮಾಡಿದ ವೈದ್ಯರ ಮೇಲೆ ದಾವೆ ಹೂಡಬಹುದೇ? ಪರಿಹಾರ ಸಿಕ್ಕೀತೇ?

ಹೂಡಬಹುದು, ಕೆಲವೊಮ್ಮೆ ಪರಿಹಾರ ಸಿಗುವುದೂ ಉಂಟು. ಆದರೆ ಮನೆಯವರು ಕೇಳುವ ಪ್ರಶ್ನೆಯೂ ನ್ಯಾಯಪೀಠವು ಕೇಳುವ ಪ್ರಶ್ನೆಯೂ ಒಂದೇ ಅಲ್ಲ. ಮನೆಯವರದು 'ರೋಗ ಅಲ್ಲೇ ಇತ್ತು, ಇವರಿಗೇಕೆ ಕಾಣಲಿಲ್ಲ?' ಎಂಬ ಪ್ರಶ್ನೆ. ನ್ಯಾಯಪೀಠವು ಎರಡು ಸಂಗತಿಗಳನ್ನು ಕೇಳುತ್ತದೆ. ಆ ದಿನ, ಆ ರೋಗಿ ಹೇಳಿಕೊಂಡ ತೊಂದರೆಗೆ, ಅದೇ ಮಟ್ಟದ ಸಾಮಾನ್ಯ ವಿವೇಕವುಳ್ಳ ವೈದ್ಯರು ಮಾಡುತ್ತಿದ್ದ ಪರೀಕ್ಷೆಯನ್ನು ಇವರು ಮಾಡಿದರೇ? ಮಾಡದೆ ಹೋದ ಕಾರಣದಿಂದಲೇ ರೋಗಿಗೆ ನಷ್ಟವಾಯಿತೇ? ಎರಡಕ್ಕೂ ಉತ್ತರ ಸಿಗಬೇಕಾದುದು ಕಾಗದದಲ್ಲಿ. ನಮ್ಮ ಕಡೆಯ ಬಹುಪಾಲು ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಸೋಲುವುದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಆ ದಿನದ ಪರೀಕ್ಷೆಯ ವಿಚಾರ. ಯಾವ ತೊಂದರೆಗೆ ಯಾವ ಪರೀಕ್ಷೆ ಆಗಬೇಕಿತ್ತೆಂದು ತಿಳಿಯದೆ ತಡವಾಯಿತೆಂದು ದೂರುವುದು ಕಷ್ಟ.

ಬಾಯಿಹುಣ್ಣನ್ನೇ ತೆಗೆದುಕೊಳ್ಳೋಣ. ಎಲೆಅಡಿಕೆ ಹೊಗೆಸೊಪ್ಪು ಹಾಕುವ ಅಭ್ಯಾಸ ನಮ್ಮ ಭಾಗದಲ್ಲಿ ಗಂಡಸರಿಗೂ ಉಂಟು, ಹೆಂಗಸರಿಗೂ ಉಂಟು. ಹೊಗೆಸೊಪ್ಪು ಕೆಟ್ಟದ್ದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಬರಿಯ ಅಡಿಕೆಯನ್ನೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸೇರಿಸಿದೆಯೆಂದು ತೋಟವಿರುವ ನಮ್ಮ ಓದುಗರಿಗೆ ಹೇಳುವುದು ಸ್ವಲ್ಪ ಕಷ್ಟದ ಕೆಲಸವೇ. ಇರಲಿ. ಕೆನ್ನೆಯ ಒಳಗೆ ಅಥವಾ ನಾಲಗೆಯ ಅಂಚಿನಲ್ಲಿ ಎದ್ದ ಹುಣ್ಣು ಎರಡು ಮೂರು ವಾರಗಳಲ್ಲಿ ಮಾಯದಿದ್ದರೆ ಅದನ್ನು ಉಷ್ಣವೆಂದೋ ಜೀವಸತ್ವದ ಕೊರತೆಯೆಂದೋ ಮತ್ತೆ ಮಾತ್ರೆ ಕೊಟ್ಟು ಕಳುಹಿಸುವಂತಿಲ್ಲ. ಅಲ್ಲಿಂದ ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದೇ ಬಯಾಪ್ಸಿ. ಊರಿನ ವೈದ್ಯರು ತಾವೇ ಅದನ್ನು ಮಾಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಮಾಡುವ ಕಡೆಗೆ ಚೀಟಿ ಬರೆದು ಕಳುಹಿಸಬೇಕೆಂಬುದೇ ನಿರೀಕ್ಷೆ. ಬಯಾಪ್ಸಿ ಮಾಡಿದರೆ ಗಡ್ಡೆ ಕೆರಳಿ ಹರಡುತ್ತದೆಂಬ ಭಯ ನಮ್ಮ ಜನರಲ್ಲಿ ಆಳವಾಗಿದೆ. ಬಯಾಪ್ಸಿಯಿಲ್ಲದೆ ಯಾವ ಅರ್ಬುದ ಆಸ್ಪತ್ರೆಯೂ ಸಾಮಾನ್ಯವಾಗಿ ಚಿಕಿತ್ಸೆ ಆರಂಭಿಸುವುದಿಲ್ಲ. ಆ ಭಯದಿಂದ ಕಳೆದ ತಿಂಗಳುಗಳು ವೈದ್ಯರ ಲೆಕ್ಕಕ್ಕೆ ಬರುವುದಿಲ್ಲ, ನಮ್ಮ ಲೆಕ್ಕಕ್ಕೇ ಬರುತ್ತವೆ.

ಸ್ತನದಲ್ಲಿ ನೋಯದ ಗಂಟು ಇನ್ನೊಂದು. ನೋವಿಲ್ಲವಲ್ಲ ಎಂದು ಹೆಂಗಸರು ಸುಮ್ಮನಿರುತ್ತಾರೆ, ಗಂಡಸು ಡಾಕ್ಟರಿಗೆ ತೋರಿಸಲು ಸಂಕೋಚಪಡುತ್ತಾರೆ. ಕೊನೆಗೆ ತೋರಿಸಿದಾಗ ಕೈಯಿಂದ ಮುಟ್ಟಿ ನೋಡದೆಯೇ 'ಕೊಬ್ಬಿನ ಗಂಟು, ಹೆದರಬೇಡಿ' ಎಂದು ಹೇಳಿ ಕಳುಹಿಸಿದರೆ ಅದು ತಪ್ಪು. ಮುಟ್ಟಿ ನೋಡಿ, ಚಿತ್ರ ತೆಗೆಸಿ, ಸೂಜಿ ಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಕಾಣದೆ ಹಾಗೆ ಹೇಳಿದ್ದರೆ, ಮುಂದೆ ಅದು ಅರ್ಬುದವೆಂದೇ ತಿಳಿದುಬಂದರೂ, ನಿರ್ಲಕ್ಷ್ಯವೆನ್ನುವುದು ಕಷ್ಟ. ಫಲ ಒಂದೇ ಆದರೂ ಕಾನೂನಿನ ಕಣ್ಣಿಗೆ ಈ ಎರಡು ಬೇರೆ ಬೇರೆ.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಿಳಿಯುವುದು ರೋಗಿಯ ಅಭ್ಯಾಸ. ವೈದ್ಯರೂ ಹಾಗೇ ತಿಳಿದರೆ ತೊಂದರೆ. ಕೈಗವಸು ತೊಟ್ಟು ಬೆರಳಿಟ್ಟು ನೋಡುವ ಎರಡು ನಿಮಿಷದ ಪರೀಕ್ಷೆಯಲ್ಲೇ ಗುದದ ಬಳಿಯ ಗಡ್ಡೆಗಳು ಎಷ್ಟೋ ಸಲ ಕೈಗೆ ಸಿಗುತ್ತವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಗರ್ಭಕೋಶವನ್ನೂ ಅದರ ಕೊರಳನ್ನೂ ಪರೀಕ್ಷಿಸದೆ ರಕ್ತ ನಿಲ್ಲುವ ಮಾತ್ರೆ ಮಾತ್ರ ಕೊಡುವುದೂ ಇದೇ ಜಾತಿಯದು.

ಕೆಮ್ಮಿನ ವಿಚಾರ ನಮ್ಮ ದೇಶಕ್ಕೇ ವಿಶಿಷ್ಟವಾದುದು. ಇಲ್ಲಿ ಕ್ಷಯ ಹೆಚ್ಚು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಅರ್ಬುದದ ನೆರಳೂ ಕ್ಷಯದ ನೆರಳೂ ಒಂದರಂತೆ ಇನ್ನೊಂದು ಕಾಣುತ್ತವೆ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ಎಕ್ಸ್‌ರೇ ನೋಡಿ ಕ್ಷಯದ ಔಷಧಿ ಆರಂಭಿಸುವುದು ಹಲವು ಸಂದರ್ಭಗಳಲ್ಲಿ ಸರಿಯಾದ ಕ್ರಮವೇ. ಆದರೆ ಎರಡು ತಿಂಗಳಾದರೂ ತೂಕ ಏರದೆ, ಕೆಮ್ಮು ಇಳಿಯದೆ, ಕಫದಲ್ಲಿ ರಕ್ತ ಬರುತ್ತಿದ್ದರೆ ಅದೇ ಮಾತ್ರೆಯನ್ನು ಮುಂದುವರಿಸುತ್ತ ಹೋಗುವುದು ಸರಿಯಲ್ಲ. ಅಲ್ಲಿ ನಿರ್ಲಕ್ಷ್ಯವೆಂದರೆ ಮೊದಲ ಊಹೆ ತಪ್ಪಾದುದಲ್ಲ, ಆ ಊಹೆಯನ್ನು ಮತ್ತೆ ತಿರುಗಿ ನೋಡದೆ ಬಿಟ್ಟದ್ದು.

ಈ ವ್ಯತ್ಯಾಸವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ಹೇಳಿದೆ. 2005ರ ಆಗಸ್ಟ್ 5ರಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ತೀರ್ಪಿತ್ತ ನ್ಯಾಯಾಲಯವು ರೋಗನಿರ್ಣಯದಲ್ಲಿ ಆದ ತಪ್ಪೆಲ್ಲ ನಿರ್ಲಕ್ಷ್ಯವಲ್ಲ, ಆ ವೃತ್ತಿಯ ಸಾಮಾನ್ಯ ಕೌಶಲವುಳ್ಳವನು ವಹಿಸುವ ಎಚ್ಚರವನ್ನು ವಹಿಸದಿರುವುದೇ ನಿರ್ಲಕ್ಷ್ಯವೆಂದು ಸ್ಪಷ್ಟಪಡಿಸಿತು. ಆ ಪ್ರಕರಣದ ರೋಗಿಯೂ ಅರ್ಬುದದ ಕೊನೆಯ ಹಂತದಲ್ಲಿದ್ದವರೇ. ಉಸಿರಾಟದ ತೊಂದರೆಯ ವೇಳೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತೆಂಬುದು ದೂರು. ವೈದ್ಯರನ್ನು ಜೈಲಿಗೆ ಕಳುಹಿಸಬೇಕಾದರೆ ಸಾಧಾರಣ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕೆಂದು ಅಲ್ಲಿ ತೀರ್ಮಾನವಾಯಿತು. ಆದಕಾರಣ ಅರ್ಬುದ ತಡವಾಗಿ ಗೊತ್ತಾಯಿತೆಂದು ಪೊಲೀಸ್ ಠಾಣೆಗೆ ಓಡುವುದರಿಂದ ಸಾಮಾನ್ಯವಾಗಿ ಫಲವಿಲ್ಲ. ಆಸ್ಪತ್ರೆಯ ಗಾಜು ಒಡೆಯುವ ವಿಚಾರವನ್ನಂತೂ ಮಾತನಾಡುವುದೇ ಬೇಡ. ರಾಜ್ಯದ 2009ರ ಕಾನೂನಿನಡಿ ಅದು ಜಾಮೀನುರಹಿತ ಅಪರಾಧ. ನ್ಯಾಯ ಕೇಳಲು ಹೊರಟ ಕುಟುಂಬವೇ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ತಡವಾದುದರಿಂದಲೇ ನಷ್ಟವಾಯಿತೇ? ಅರ್ಬುದದಲ್ಲಿ ಈ ಪ್ರಶ್ನೆ ಮುಳ್ಳಿನಂತಿದೆ, ಏಕೆಂದರೆ ಬೇಗ ಗೊತ್ತಾಗಿದ್ದರೂ ಸಾಯಬಹುದಾಗಿತ್ತು, ತಡವಾಗಿ ಗೊತ್ತಾದವರೂ ಬದುಕಿರುವುದುಂಟು. ಇಂಗ್ಲೆಂಡಿನಲ್ಲಿ ನಡೆದ ಗ್ರೆಗ್ ವಿರುದ್ಧ ಸ್ಕಾಟ್ ಎಂಬ ಪ್ರಕರಣವನ್ನು ಇಲ್ಲಿ ಹೇಳಬೇಕು. 1994ರ ನವೆಂಬರಿನಲ್ಲಿ ಒಬ್ಬ ಗೃಹಸ್ಥರು ಎಡಗಂಕುಳಿನ ಗಂಟನ್ನು ವೈದ್ಯರಿಗೆ ತೋರಿಸಿದರು. ಕೊಬ್ಬಿನ ಗಂಟೆಂದು ವೈದ್ಯರು ಕಳುಹಿಸಿಬಿಟ್ಟರು. ಸುಮಾರು ಒಂದು ವರ್ಷದ ಮೇಲೆ ಬೇರೊಬ್ಬರು ಆಸ್ಪತ್ರೆಗೆ ಕಳುಹಿಸಿದಾಗ ಅದು ದುಗ್ಧಗ್ರಂಥಿಯ ಅರ್ಬುದವೆಂದು ತಿಳಿಯಿತು. ಮೊದಲ ವೈದ್ಯರು ನಿರ್ಲಕ್ಷ್ಯ ತೋರಿದರೆಂದು ನ್ಯಾಯಾಲಯ ಒಪ್ಪಿತು. ಚಿಕಿತ್ಸೆ ಸುಮಾರು ಒಂಬತ್ತು ತಿಂಗಳು ತಡವಾದುದರಿಂದ ಗುಣವಾಗುವ ಸಂಭವ ನೂರಕ್ಕೆ 42ರಿಂದ 25ಕ್ಕೆ ಇಳಿಯಿತೆಂದೂ ಒಪ್ಪಿತು. ಆದರೂ 2005ರ ಜನವರಿಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವು ಐವರಲ್ಲಿ ಮೂವರ ಬಹುಮತದಿಂದ ಪರಿಹಾರವನ್ನು ನಿರಾಕರಿಸಿತು. ತರ್ಕವಿಷ್ಟೆ: ಬೇಗ ಗೊತ್ತಾಗಿದ್ದರೂ ಗುಣವಾಗದಿರುವ ಸಂಭವವೇ ಹೆಚ್ಚಾಗಿತ್ತು, ಅಂದಮೇಲೆ ವಿಳಂಬದಿಂದಲೇ ಹಾನಿಯಾಯಿತೆಂದು ಹೇಳಲಾಗದು. ಸಂಭವವನ್ನು ಕಳೆದುಕೊಂಡದ್ದಕ್ಕೇ ಹಣ ಕೊಡುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಉಳಿದ ಇಬ್ಬರು ನ್ಯಾಯಮೂರ್ತಿಗಳು ಇದನ್ನು ವಿರೋಧಿಸಿದರು. ನಮಗೆ ಆ ಇಬ್ಬರ ನಿಲುವೇ ನ್ಯಾಯವೆಂದು ತೋರುತ್ತದೆ. ನೂರರಲ್ಲಿ ಹದಿನೇಳು ಪಾಲು ಆಸೆ ಒಬ್ಬ ಮನುಷ್ಯನ ಪಾಲಿಗೆ ಸಣ್ಣದಲ್ಲ. ಆ ತೀರ್ಪು ನಮ್ಮ ದೇಶದ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಅಲ್ಲಿ ಎದ್ದ ಪ್ರಶ್ನೆಯನ್ನೇ ಇಲ್ಲಿಯೂ ಎದುರು ಪಕ್ಷದ ವಕೀಲರು ಎತ್ತುತ್ತಾರೆಂಬುದನ್ನು ದೂರು ಕೊಡುವವರು ತಿಳಿದಿರಬೇಕು.

ಅದಕ್ಕೆ ಉತ್ತರವಾಗಿ ಮುಂದಿಡಬೇಕಾದುದು ವೈದ್ಯಶಾಸ್ತ್ರದ ಸಾಕ್ಷ್ಯ. ಮೊದಲ ಭೇಟಿಯಲ್ಲಿ ಗಂಟು ಎಷ್ಟು ದೊಡ್ಡದಿತ್ತು, ಪತ್ತೆಯಾದಾಗ ಎಷ್ಟಾಗಿತ್ತು, ಯಾವ ಹಂತಕ್ಕೆ ಏರಿತ್ತು ಎಂಬ ಅಂಕಿಗಳು ಬೇಕು. ವಿಳಂಬ ಎಷ್ಟು ದುಬಾರಿಯೆಂಬುದರ ಬಗ್ಗೆ ಅಧ್ಯಯನಗಳೂ ಇವೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಪರಿಶೀಲನೆಯು ಏಳು ಬಗೆಯ ಅರ್ಬುದಗಳನ್ನು ನೋಡಿ, ಚಿಕಿತ್ಸೆ ನಾಲ್ಕು ವಾರ ತಡವಾದರೂ ಸಾವಿನ ಅಪಾಯ ಶೇಕಡ 6ರಿಂದ 13ರಷ್ಟು ಹೆಚ್ಚುತ್ತದೆಂದು ತೋರಿಸಿತು.

ನಮ್ಮ ದೇಶದ್ದೇ ಒಂದು ತೀರ್ಪು ಅರ್ಬುದಕ್ಕೆ ಸಂಬಂಧಿಸದಿದ್ದರೂ ಈ ವಿಷಯಕ್ಕೆ ಬಹಳ ಹತ್ತಿರದ್ದು. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಒಂದು ಹೆಣ್ಣುಮಗು ಹುಟ್ಟಿತು. ಅಂಥ ಶಿಶುಗಳ ಕಣ್ಣನ್ನು ಕೆಲವೇ ವಾರಗಳಲ್ಲಿ ಪರೀಕ್ಷಿಸದಿದ್ದರೆ ದೃಷ್ಟಿ ಹೋಗುವ ಅಪಾಯವುಂಟು. ವೈದ್ಯರು ಪರೀಕ್ಷಿಸಲಿಲ್ಲ, ಪರೀಕ್ಷಿಸಿಕೊಳ್ಳಿರೆಂದು ತಂದೆತಾಯಿಯರಿಗೆ ಹೇಳಲೂ ಇಲ್ಲ. ಮಗು ಕುರುಡಾಯಿತು. ಹತ್ತೊಂಬತ್ತು ವರ್ಷಗಳ ತರುವಾಯ, 2015ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಸುಮಾರು 1.8 ಕೋಟಿ ರೂಪಾಯಿ ಪರಿಹಾರವನ್ನು ವಿಧಿಸಿತು. ವಿ. ಕೃಷ್ಣಕುಮಾರ್ ಪ್ರಕರಣವೆಂದು ಇದು ಪ್ರಸಿದ್ಧ. ಸಕಾಲದಲ್ಲಿ ಪರೀಕ್ಷೆ ಮಾಡಿಸಬೇಕೆಂದು ಹೇಳದಿರುವುದೂ ನಿರ್ಲಕ್ಷ್ಯವೇ ಎಂಬುದು ಇದರಿಂದ ಸಿದ್ಧವಾಯಿತು. ಹತ್ತೊಂಬತ್ತು ವರ್ಷವೆಂಬುದನ್ನೂ ಓದುಗರು ಗಮನಿಸಬೇಕು.

ಇನ್ನು ಎಲ್ಲಿಗೆ ಹೋಗಬೇಕು? ಹಣ ಪಡೆದು ನೀಡುವ ವೈದ್ಯಸೇವೆಯು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಯಿತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ ಆ ಸ್ಥಿತಿ ಹಾಗೆಯೇ ಉಳಿದಿದೆಯೆಂದು 2022ರಲ್ಲಿ ಮತ್ತೆ ಸ್ಪಷ್ಟವಾಯಿತು. ನಮ್ಮವರಿಗೆ ತುಮಕೂರಿನಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗವೇ ಸಾಕು. ಚಿಕಿತ್ಸೆ ನಡೆದದ್ದು ಬೆಂಗಳೂರಿನಲ್ಲಾದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿ ದೂರು ಸಲ್ಲಿಸಲು ಹೊಸ ಕಾಯಿದೆ ಅವಕಾಶ ಕೊಟ್ಟಿದೆ. ಚಿಕಿತ್ಸೆಗೆ ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗೂ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ವಕೀಲರು ಕಡ್ಡಾಯವಲ್ಲ. ಆದರೆ ವೈದ್ಯಕೀಯ ಪ್ರಕರಣವನ್ನು ವಕೀಲರಿಲ್ಲದೆ ನಡೆಸುವುದನ್ನು ನಾವು ಯಾರಿಗೂ ಸಲಹೆ ಮಾಡಲಾರೆವು.

ಎಲ್ಲರಿಗೂ ಉಚಿತವಾಗಿಯೇ ಸೇವೆ ಕೊಡುವ ಸರ್ಕಾರಿ ಆರೋಗ್ಯ ಕೇಂದ್ರ ಈ ಕಾಯಿದೆಯ ಹೊರಗೆ. ಹೆಸರು ಬರೆಸಲು ಕಟ್ಟುವ ಚಿಲ್ಲರೆ ಹಣವನ್ನು ಶುಲ್ಕವೆಂದು ಎಣಿಸುವುದಿಲ್ಲ. ಕೆಲವರಿಗೆ ಉಚಿತ, ಕೆಲವರಿಗೆ ಹಣವೆಂಬ ಪದ್ಧತಿಯಿರುವ ಆಸ್ಪತ್ರೆಯಲ್ಲಾದರೆ ಉಚಿತ ಚಿಕಿತ್ಸೆ ಪಡೆದವರೂ ಗ್ರಾಹಕರೇ. ದಾಸೋಹದ ಭಾವದಿಂದ ಬಡವರಿಗೆ ಉಚಿತವಾಗಿ ನೋಡುವ ಧರ್ಮಾಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ, ಅನ್ವಯಿಸಬೇಕಾದುದೇ ಸರಿ. ಬಡವನಿಗೆ ಕೊಡುವ ಎಚ್ಚರ ಹಣವಂತನಿಗೆ ಕೊಡುವುದಕ್ಕಿಂತ ಕಡಿಮೆಯಿರಬಹುದೆಂದು ಶರಣಧರ್ಮದಲ್ಲಿ ಎಲ್ಲಿಯೂ ಹೇಳಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬುವನು ಇದ್ದನೆಂಬುದು ಓದುಗರಿಗೆ ನೆನಪಿರಬಹುದು. ವೈದ್ಯವೃತ್ತಿಯೇ ಅವನ ಕಾಯಕ.

ಕಾಲಮಿತಿ ಎರಡು ವರ್ಷ. ಈ ಎರಡು ವರ್ಷವನ್ನು ಎಂದಿನಿಂದ ಎಣಿಸಬೇಕೆಂಬುದರ ಮೇಲೆ ಎಷ್ಟೋ ಪ್ರಕರಣಗಳು ಬಿದ್ದುಹೋಗಿವೆ. ಹಾನಿ ಒಳಗೇ ಅಡಗಿದ್ದು ತಡವಾಗಿ ತಿಳಿಯುವ ಸಂದರ್ಭದಲ್ಲಿ ತಿಳಿದ ದಿನದಿಂದ ಎಣಿಸುವ ವಾದವೊಂದುಂಟು. ಆ ಲೆಕ್ಕದಲ್ಲಿ ಬಯಾಪ್ಸಿಯ ವರದಿ ಬಂದ ದಿನ ಮುಖ್ಯವಾಗುತ್ತದೆ. ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯಲ್ಲಿ ಉಳಿದ ಬಟ್ಟೆ ಒಂಬತ್ತು ವರ್ಷಗಳ ತರುವಾಯ ಪತ್ತೆಯಾದ ಪ್ರಕರಣದಲ್ಲಿಯೂ, ಅಷ್ಟು ವರ್ಷ ನೋವು ಅನುಭವಿಸುತ್ತಿದ್ದವರು ಆ ವೈದ್ಯರನ್ನು ಕೇಳಲೇ ಇಲ್ಲವೆಂಬ ಕಾರಣಕ್ಕೆ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೂರನ್ನು ಅವಧಿ ಮೀರಿದ್ದೆಂದು ವಜಾ ಮಾಡಿತು. ಅರ್ಬುದದ ಮನೆಯಲ್ಲಿ ಮೊದಲ ವರ್ಷ ಚಿಕಿತ್ಸೆಯಲ್ಲಿ ಕಳೆಯುತ್ತದೆ, ಎರಡನೆಯದು ಶೋಕದಲ್ಲಿಯೋ ಸಾಲದಲ್ಲಿಯೋ. ಆಯೋಗಕ್ಕೆ ವಿಳಂಬವನ್ನು ಮನ್ನಿಸುವ ಅಧಿಕಾರವಿದ್ದರೂ ಸಾಕಷ್ಟು ಕಾರಣ ತೋರಿಸಬೇಕು.

ಪ್ರತಿಯೊಂದು ದೂರಿನಲ್ಲಿಯೂ ತಜ್ಞರ ಅಭಿಪ್ರಾಯ ಬೇಕೇಬೇಕೆಂದೇನೂ ಇಲ್ಲವೆಂದು 2010ರ ಮಾರ್ಚ್‌ನಲ್ಲಿ ವಿ. ಕಿಷನ್ ರಾವ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅಲ್ಲಿ ಮಲೇರಿಯಾಕ್ಕೆ ಟೈಫಾಯಿಡಿನ ಚಿಕಿತ್ಸೆ ನಡೆದು ರೋಗಿ ತೀರಿಕೊಂಡಿದ್ದರು. ಜಿಲ್ಲಾ ವೇದಿಕೆ ಕೊಡಿಸಿದ್ದ 2 ಲಕ್ಷ ರೂಪಾಯಿ ಪರಿಹಾರ ಊರ್ಜಿತವಾಯಿತು. ಆದರೂ ಅರ್ಬುದದ ವಿಳಂಬದಲ್ಲಿ ತಜ್ಞ ವೈದ್ಯರೊಬ್ಬರ ಲಿಖಿತ ಮಾತಿಲ್ಲದೆ ಗೆಲ್ಲುವುದು ದುಸ್ತರ. ಒಬ್ಬ ವೈದ್ಯರ ವಿರುದ್ಧ ಇನ್ನೊಬ್ಬರು ಬರೆದುಕೊಡಲು ಹಿಂಜರಿಯುವುದೂ ನಿಜ.

ಪದವಿಯಿಲ್ಲದೆ ಇಂಜೆಕ್ಷನ್ ಚುಚ್ಚಿ ಗ್ಲೂಕೋಸ್ ಏರಿಸುವವರ ವಿಚಾರ ಬೇರೆ. ಒಂದು ಪದ್ಧತಿಯಲ್ಲಿ ಓದಿ ಇನ್ನೊಂದು ಪದ್ಧತಿಯ ಔಷಧಿ ಕೊಡುವುದೇ ನಿರ್ಲಕ್ಷ್ಯವೆಂದು 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹೋಮಿಯೋಪಥಿ ಓದಿದವರೊಬ್ಬರು ಅಲೋಪಥಿ ಔಷಧಿ ಕೊಟ್ಟಿದ್ದರು. ಏನನ್ನೂ ಓದದವರ ವಿಷಯ ಹೇಳಬೇಕಾಗಿಲ್ಲ. ಆದರೆ ಅಂಥವರು ಚೀಟಿ ಬರೆಯುವುದಿಲ್ಲ, ರಸೀದಿ ಕೊಡುವುದಿಲ್ಲ. ನಾಲ್ಕು ತಿಂಗಳು ಅವರಲ್ಲಿಗೆ ಹೋಗಿದ್ದೆವೆಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ವಿಳಂಬದ ದೊಡ್ಡ ಪಾಲು ಹೀಗೆ ಲೆಕ್ಕಕ್ಕೆ ಸಿಗದೆ ಹೋಗುವುದೆಂದು ನಾವು ಬಲ್ಲೆವು.

ಹೀಗಾಗಿ ಮಾತು ಮತ್ತೆ ಕಾಗದಕ್ಕೇ ಬರುತ್ತದೆ. ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿ ಅಲ್ಲೇ ಬಿಟ್ಟುಬರುವುದು, ಎಕ್ಸ್‌ರೇಯನ್ನು ಅಟ್ಟದ ಮೇಲೆ ಎಸೆಯುವುದು, ರೋಗಿ ತೀರಿಕೊಂಡ ಮೇಲೆ ಬಟ್ಟೆಯ ಜೊತೆಗೆ ಆಸ್ಪತ್ರೆಯ ಕಾಗದವನ್ನೂ ಸುಡುವುದು ನಮ್ಮಲ್ಲಿ ನಡೆದುಬಂದಿದೆ. ದಾವೆಯ ಮಾತು ಹಾಗಿರಲಿ, ಚಿಕಿತ್ಸೆಗೂ ಆ ಕಾಗದ ಬೇಕು. ಶಿರಾದಲ್ಲಿ ಯಾವ ಮಾತ್ರೆ ಕೊಟ್ಟಿದ್ದರೆಂದು ತಿಳಿಯದೆ ತುಮಕೂರಿನ ವೈದ್ಯರು ಅದನ್ನೇ ಮತ್ತೊಂದು ತಿಂಗಳು ಕೊಡಬಹುದು. ಹುಣ್ಣು ಎಷ್ಟು ದಿನದಿಂದ ಇದೆಯೆಂದು ವೈದ್ಯರಿಗೆ ಹೇಳುವಾಗ ಅದನ್ನು ಚೀಟಿಯಲ್ಲಿ ಬರೆಯಿರೆಂದು ಕೇಳಿಕೊಳ್ಳುವುದರಲ್ಲಿ ಅವಿನಯವೇನೂ ಇಲ್ಲ. ಬರೆಯುವ ವೈದ್ಯರು ಯೋಚಿಸುತ್ತಾರೆ. ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಅವರಿಗೂ ಮೂರನೆಯ ಭೇಟಿಯೆಂಬುದು ನೆನಪಿಗೆ ಬರುವುದು ಹಿಂದಿನ ಚೀಟಿಯನ್ನು ಕಂಡಾಗಲೇ. ವೈದ್ಯರು ಬಯಾಪ್ಸಿಗೆ ಬರೆದುಕೊಟ್ಟು ಮನೆಯವರೇ ಹೋಗದಿದ್ದರೆ ಅದೂ ಆ ಚೀಟಿಯಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಕಾಗದ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ.

ಕಾಗದ ಕಳೆದಿದ್ದರೆ ಆಸ್ಪತ್ರೆಯಿಂದ ಪಡೆಯುವ ಹಕ್ಕುಂಟು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ರೋಗಿಯು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಒಂದು ಬಿಳಿ ಹಾಳೆಯಲ್ಲಿ ರೋಗಿಯ ಹೆಸರು, ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳನ್ನು ಬರೆದು, ಕೇಸ್ ಶೀಟ್, ಪ್ರಯೋಗಾಲಯದ ವರದಿ, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಚಿತ್ರಗಳು, ಬಿಡುಗಡೆಯ ಸಾರಾಂಶ ಇಷ್ಟನ್ನೂ ಬೇರೆ ಬೇರೆಯಾಗಿ ಹೆಸರಿಸಿ ಕೇಳಬೇಕು. ಬಯಾಪ್ಸಿಯಾಗಿದ್ದರೆ ವರದಿಯ ಜೊತೆಗೆ ಗಾಜಿನ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳುವುದು ಒಳ್ಳೆಯದು. ಬೇರೆ ಆಸ್ಪತ್ರೆಯವರು ಮತ್ತೆ ಮಾಂಸ ತೆಗೆಯದೆ ಅವುಗಳನ್ನೇ ನೋಡಿ ರೋಗವನ್ನು ಖಚಿತಪಡಿಸಿಕೊಳ್ಳಬಲ್ಲರು. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಆಸ್ಪತ್ರೆಯ ಮೊಹರನ್ನೂ ದಿನಾಂಕವನ್ನೂ ಹಾಕಿಸಿ ಮನೆಗೆ ತರಬೇಕು. ಮೊಹರು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ಅಂಚೆಯ ರಸೀದಿಯನ್ನು ಆ ಪ್ರತಿಗೆ ಅಂಟಿಸಿಟ್ಟುಕೊಳ್ಳಬೇಕು.